ಮಸ್ಕತ್ತಿನ ಗಂಡ, ಶಿವಮೊಗ್ಗದ ನಂಬರು

ಇದು ನಡೆದ ಕಥೆ. ನಂಬದವರು ಜನ್ನಾಪುರದ ಹುಲಿಗೆಮ್ಮನವರನ್ನು ಕೇಳಬಹುದು. ಅವರು ಇನ್ನೊಂದಿಷ್ಟು ಸೇರಿಸಿಯೇ ಹೇಳುತ್ತಾರೆ.

ಶಿವಮೊಗ್ಗದಲ್ಲಿ ಯೋಗರಾಜನ ಸೈಬರ್ ಕೆಫೆ ಇತ್ತು. ಅದರ ಮೂಲೆಯಲ್ಲೊಂದು ಮಿಣುಕುವ ಡಬ್ಬಿ. ಮಸ್ಕತ್ತಿನಿಂದ ಯಾರಾದರೂ ಇಂಟರ್‌ನೆಟ್ಟಿನಲ್ಲಿ ಕರೆ ಮಾಡಿದರೆ ದನಿ ಮೊದಲು ಈ ಡಬ್ಬಿಗೆ ಬರುತ್ತಿತ್ತು. ಡಬ್ಬಿ ಅಂಗಡಿಯ ಫೋನಿನಿಂದ ಭದ್ರಾವತಿಗೋ ಆಯನೂರಿಗೋ ನಂಬರು ಒತ್ತಿ ಅದನ್ನು ಮನೆಗೆ ದಾಟಿಸುತ್ತಿತ್ತು. ಖರ್ಚು ಕಡಿಮೆ. ಕದ್ದು ನಡೆಸುವ ಈ ದಂಧೆ ಟೆಲಿಫೋನ್ ಇಲಾಖೆಗೆ ಗೊತ್ತಾದರೆ ಮಾತ್ರ ಡಬ್ಬಿಯೂ ಇಲ್ಲ, ಡಬ್ಬಿಯೂಟವೂ ಇಲ್ಲ. ಡಬ್ಬಿ ಬಿಸಿಯಾಗಿ ನಿಂತಾಗಲೆಲ್ಲ ವೈರು ಕಿತ್ತು ಮತ್ತೆ ಚುಚ್ಚಬೇಕು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದ್ದ ಯೋಗರಾಜ, ಈಗ ದಿನವಿಡೀ ಬೇರೆಯವರ ದನಿ ಸಾಗಿಸಿ ಸುಸ್ತಾಗಿದ್ದ.

ಸಾಲದ್ದಕ್ಕೆ, ಮನೆಗಳಿಗೆ ನಂಬರು ತೋರಿಸುವ ಫೋನುಗಳು ಬಂದವು. ಕರೆ ಮಸ್ಕತ್ತಿನದಾದರೂ ಕಾಣುವುದು ಯೋಗರಾಜನ ಅಂಗಡಿಯ ನಂಬರು. ಜನ ಅದಕ್ಕೇ ತಿರುಗಿ ಮಾಡಿ ಗಂಡನನ್ನು ಕೊಡಿ, ಅಣ್ಣನನ್ನು ಕೊಡಿ ಎನ್ನುತ್ತಿದ್ದರು.

ಒಂದು ಶುಕ್ರವಾರ ಹಾಗೆಯೇ ಒಂದು ಹೆಣ್ಣುದನಿ. "ಜನ್ನಾಪುರದಿಂದ ಮೈತ್ರಿ. ಇದು ಯಾರ ನಂಬರ್ರೀ?"

ಮೈತ್ರಿ, ಮಸ್ಕತ್ತಿನಲ್ಲಿದ್ದ ಅವನ ಕಾಲೇಜು ಗೆಳೆಯ ಚಂದ್ರಹಾಸನ ಹೆಂಡತಿ. ಇವನು ಅವಳನ್ನು ನೋಡಿರಲಿಲ್ಲ. ಡಬ್ಬಿಯ ಪುರಾಣ ಮತ್ತೊಮ್ಮೆ ಹೇಳುವ ತ್ರಾಣವೂ ಇರಲಿಲ್ಲ. ದನಿಯನ್ನು ಮೂಗಿಗೆ ಏರಿಸಿ, ಥೇಟ್ ಚಂದ್ರಹಾಸನಾಗಿ, "ನಂದೇ ಕಣೆ" ಎಂದು ಫೋನು ಇಟ್ಟುಬಿಟ್ಟ.

ಮುಂದಿನ ಶುಕ್ರವಾರ ಮೈತ್ರಿ ಬಸ್ಸಿಳಿದು, ನಂಬರು ತೋರಿಸಿ ವಿಚಾರಿಸುತ್ತ ಅಂಗಡಿಗೇ ಬಂದಳು. ಮುಖದಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚು.

"ನಮ್ಮನೆಯವರು ಒಳಗಿದ್ರೆ ಕರೀರಿ. ಜಗಳ ಮಾಡಲ್ಲ. ಎರಡು ವರ್ಷದಿಂದ ಯಾರ ಜೊತೆ ಇದಾರೆ ಅಂತ ಗೊತ್ತಾದ್ರೆ ಸಾಕು."

"ಅಯ್ಯೋ ಅತ್ತಿಗೆ, ಅವನು ಮಸ್ಕತ್ತಲ್ಲೇ ಇದಾನೆ. ಅವತ್ತು ಮಾತಾಡಿದ್ದು ನಾನು."

"ಅವರ ದನಿ ನನಗೆ ಗೊತ್ತಿಲ್ವಾ?"

ಬೇರೆ ದಾರಿಯಿಲ್ಲದೆ ಯೋಗರಾಜ ದನಿಯನ್ನು ಮೂಗಿಗೇರಿಸಿದ. "ನಂದೇ ಕಣೆ."

ಅದರಿಂದ ಇನ್ನೂ ಕೆಟ್ಟಿತು. ಮೈತ್ರಿ ಕುರ್ಚಿಯಲ್ಲಿ ಕುಸಿದಳು. "ಹಾಗಾದ್ರೆ ಇಷ್ಟು ದಿನ ನನ್ನ ಹತ್ರ ಮಾತಾಡಿದ್ದು ಯಾರು?"

ಯೋಗರಾಜ ಇನ್ನು ಏನು ಹೇಳಿದರೂ ಅದು ಇನ್ಯಾರದೋ ದನಿಯಾಗಿ ಕೇಳಿಸೀತು.

ಅಷ್ಟರಲ್ಲಿ ಡಬ್ಬಿಯ ಹಸಿರು ದೀಪ ಹತ್ತಿತು. ಅದು ಚಂದ್ರಹಾಸನ ಕರೆಯ ಹೊತ್ತು. ಯೋಗರಾಜ ಅದೇ ಲೈನಿನ ಫೋನನ್ನೆತ್ತಿ ಅವಳ ಕೈಗೆ ಕೊಟ್ಟ. ತಾನು ಬಾಯಿಗೆ ಟವೆಲ್ ಒತ್ತಿಕೊಂಡು ಅವಳಿಗೆ ಕಾಣುವಂತೆ ಎದುರಿಗೇ ನಿಂತ.

ಜನ್ನಾಪುರದಲ್ಲಿ ಅತ್ತೆ ಹುಲಿಗೆಮ್ಮ ಫೋನೆತ್ತಿದ್ದು ಮೈತ್ರಿಗೆ ಕೇಳಿಸಿತು.

"ಅಮ್ಮಾ, ಮೈತ್ರಿ ಎಲ್ಲಿ?"

"ನೀನು ಶಿವಮೊಗ್ಗದಲ್ಲಿ ಅಡಗಿದೀಯಂತಲ್ಲ ಮಾರಾಯ. ಹಿಡ್ಕೊಂಡ್ ಬರೋಕೆ ಹೋಗಿದಾಳೆ."

ಲೈನು ಸುಮ್ಮನಾಯಿತು. ಮಾತು ಸಮುದ್ರ ದಾಟಿ ಉತ್ತರ ಬರಬೇಕು. ಪ್ರತಿ ಶುಕ್ರವಾರ ಮೈತ್ರಿಯ ತಾಳ್ಮೆ ತಿನ್ನುತ್ತಿದ್ದದ್ದು ಇದೇ ತಡ. ಅವತ್ತಿನ "ನಂದೇ ಕಣೆ" ಮಾತ್ರ ಥಟ್ಟನೆ ಬಂದಿತ್ತು, ಈಗ ನೆನಪಾಯಿತು. ಟವೆಲಿನ ಹಿಂದೆ ಯೋಗರಾಜ ಉಸಿರನ್ನೂ ಬಿಟ್ಟಿರಲಿಲ್ಲ.

"ಹೌದಾ," ಎಂದಿತು ಮಸ್ಕತ್ತಿನ ಸೋತ ದನಿ. "ಅಲ್ಲಿ ನಾನು ಸಿಕ್ಕಿದ್ರೆ ಒಂದು ತಿಂಗಳು ಮನೇಲೇ ಇಟ್ಕೊಳ್ಳೋಕೆ ಹೇಳು. ನನಗಂತೂ ರಜಾ ಸಿಗ್ತಿಲ್ಲ."

ಹುಲಿಗೆಮ್ಮ ನಕ್ಕರು. ಏನೂ ಕೇಳಿಸದಿದ್ದರೂ ಮೈತ್ರಿಯ ಮುಖ ನೋಡಿ ಯೋಗರಾಜ ಟವೆಲಿನೊಳಗೆ ನಕ್ಕ. ಮೈತ್ರಿ ನಕ್ಕಿದ್ದಕ್ಕಂತೂ ಕಂಪ್ಯೂಟರುಗಳ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ನಿಲ್ಲಿಸಲಾಗಲಿಲ್ಲ.

ಆ ನಗು ಮಸ್ಕತ್ತು ಮುಟ್ಟಲೂ ಅಷ್ಟೇ ಹೊತ್ತು ಬೇಕಾಯಿತು. ಆಮೇಲೆ ಚಂದ್ರಹಾಸ ಕೇಳಿದ:

"ಅಮ್ಮಾ, ಇಷ್ಟು ಜೋರಾಗಿ ನಗ್ತಿರೋದು ಯಾರು?"