ಫೈನ್ ಮಿಸ್ಸು ನಿಲ್ಲುವ ಜಾಗ

ಮಂಡಿ ತರಚಿಕೊಂಡ ಹುಡುಗನೊಬ್ಬ ಆಟದ ಬಯಲಿನಿಂದ ಕುಂಟುತ್ತ ಬಂದ. ರಕ್ತ ಕಾಲುಚೀಲದವರೆಗೆ ಇಳಿದಿತ್ತು. ತರಗತಿಯ ಬಾಗಿಲಲ್ಲಿ ನಿಂತಿದ್ದ ಇಂಗ್ಲಿಷ್ ಸಹಾಯಕಿ ಗಾಬರಿಯಿಂದ ಬಗ್ಗಿ, "ಹೌ ಆರ್ ಯೂ?" ಎಂದು ಕೇಳಿದಳು. ಹುಡುಗ ನೆಟ್ಟಗೆ ನಿಂತು, ಅಳು ನುಂಗಿಕೊಂಡು, "ಐ ಯಾಮ್ ಫೈನ್, ಥ್ಯಾಂಕ್ಯೂ, ಆಂಡ್ ಯೂ?" ಎಂದ. ಮರುಕ್ಷಣವೇ ಅವಳನ್ನು ದಾಟಿ ಓಡಿಹೋಗಿ, ಪಾಠ ಹೇಳುವ ದೊಡ್ಡ ಮಿಸ್ಸಿನ ಸೊಂಟ ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ.

ಅವಳಿಗೆ ಫೈನ್ ಮಿಸ್ಸು ಎಂದು ಹೆಸರು ಬಿದ್ದದ್ದು ಅವತ್ತು. ಅವಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡದ್ದೂ ಅವತ್ತೇ.

ತನ್ನೂರಿನಲ್ಲಿ ಅವಳಿಗೆ ಇಂಥ ಕಿಚ್ಚಿನ ಪರಿಚಯವೇ ಇರಲಿಲ್ಲ. ಜಗಲಿಯಲ್ಲಿ ಮನೆಪಾಠ ಹೇಳುವಾಗ ಮಕ್ಕಳು ಬೆರಳಿಗೊಬ್ಬರಂತೆ ಅವಳಿಗೆ ಜೋತುಬೀಳುತ್ತಿದ್ದರು. ಬಿದ್ದ ಹಲ್ಲು, ಹುಟ್ಟಿದ ತಮ್ಮ, ಅಪ್ಪ ಅಮ್ಮನ ಜಗಳ, ಎಲ್ಲ ವರದಿಯೂ ಮೊದಲು ಅವಳಿಗೇ. ಆ ಧೈರ್ಯದ ಮೇಲೆಯೇ ಅವಳು ಸ್ವಯಂಸೇವಕಿಯಾಗಿ ಸಮುದ್ರ ದಾಟಿ, ಗುರುತು ಪರಿಚಯವಿಲ್ಲದ ಊರಿನ ಈ ಸರ್ಕಾರಿ ಶಾಲೆಗೆ ಬಂದದ್ದು. ಸಂಬಳವಿಲ್ಲ. ಮಹಡಿಯ ಮೇಲೊಂದು ಕೋಣೆ, ಬಸ್ಸಿನ ಪಾಸು, ಅಷ್ಟೇ.

ಕೆಲಸವೂ ಅಷ್ಟೇ. ಪಾಠವೆಲ್ಲ ದೊಡ್ಡ ಮಿಸ್ಸಿನದು. ಅವರು ಮೇಜಿಗೂ ಬೋರ್ಡಿಗೂ ನಡುವಿನ ಇಕ್ಕಟ್ಟಿನಲ್ಲಿ ನಿಲ್ಲುವರು. ಇವಳ ಜಾಗ ಮಕ್ಕಳ ಎಡಗಡೆಯ ಕಿಟಕಿಯ ಪಕ್ಕ. ಅವರು ಕಣ್ಸನ್ನೆ ಮಾಡಿದರೆ ಇವಳು "ವಿಂಡೋ" ಅನ್ನಬೇಕು, ಮಕ್ಕಳೂ "ವಿಂಡೋ" ಅನ್ನಬೇಕು. ಸನ್ನೆ ಇಲ್ಲದಾಗ ಇವಳು ಆ ಕಿಟಕಿಯ ಹಾಗೇ ಸುಮ್ಮನಿರಬೇಕು.

"ಊಟಕ್ಕಿಲ್ಲದ ಉಪ್ಪಿನಕಾಯಿ ಆಗ್ಬಿಟ್ಟಿದೀನಿ ಅಕ್ಕ," ಎಂದು ಅವಳು ಫೋನಿನಲ್ಲಿ ಅಲವತ್ತುಕೊಂಡಳು.

"ಉಪ್ಪಿನಕಾಯಿನಾದ್ರೂ ಜನ ನೆಕ್ತಾರೆ ಕಣೇ, ನಿನ್ನ ಯಾರೂ ಮೂಸ್ತಾನೂ ಇಲ್ವಲ್ಲ!" ಅಕ್ಕ ನಕ್ಕಳು. "ಅಲ್ಲಾ, ಆ ಹೆಂಗಸಿಗೆ ಅಷ್ಟು ವರ್ಷದ ಸರ್ವೀಸು. ನೀನು ಮೊನ್ನೆ ಮೊನ್ನೆ ಹೋದವಳು. ಅವಳ ಮೇಲೆ ಯಾಕೆ ಉರ್ಕೊಳ್ತೀಯಾ?"

"ನಾನೆಲ್ಲಿ ಉರ್ಕೊಂಡೆ?"

"ಇಲ್ಲಿಗೆ ಸುಟ್ಟ ವಾಸನೆ ಬರ್ತಿದೆ."

ಇನ್ನೊಂದು ಸಂಕಟವಿತ್ತು. ಕಳಿಸಿಕೊಟ್ಟ ಸಂಸ್ಥೆಯವರು ಹೊರಡುವ ಮೊದಲು ಕಟ್ಟುನಿಟ್ಟಾಗಿ ಹೇಳಿದ್ದರು: ಶಾಲೆಯಲ್ಲಿ ಆ ಊರಿನ ಭಾಷೆ ಆಡಕೂಡದು, ಬಂದರೂ ಬಾರದವರ ಹಾಗೆ ಇರಬೇಕು, ಆಗಲೇ ಮಕ್ಕಳು ಬೇರೆ ದಾರಿಯಿಲ್ಲದೆ ಇಂಗ್ಲಿಷಿಗೆ ಬಾಯಿ ತೆರೆಯುತ್ತಾರೆ. ಮೊದಮೊದಲು ಇದು ಸುಲಭವಾಗಿತ್ತು, ನಿಜಕ್ಕೂ ಬರುತ್ತಿರಲಿಲ್ಲವಲ್ಲ! ಆದರೆ ಕೋಣೆ ಕೊಟ್ಟ ಮನೆಯೊಡತಿಯ ಬಾಯಿಗೆ ಬೀಗವೆಂಬುದೇ ಇರಲಿಲ್ಲ. ಮೆಟ್ಟಿಲಲ್ಲಿ ನಿಲ್ಲಿಸಿಕೊಂಡು ನೀರಿನ ಪಂಪಿನಿಂದ ನಾದಿನಿಯವರೆಗೆ ಎಲ್ಲವನ್ನೂ ಹೇಳುತ್ತಿದ್ದಳು. ಕೇಳಿ ಕೇಳಿ ಆ ಭಾಷೆ ಫೈನ್ ಮಿಸ್ಸಿಗೆ ತಾನಾಗಿ ಹತ್ತಿತು. ಶಾಲೆಯಲ್ಲಿ ಮಾತ್ರ ಕಲ್ಲಿನಂತೆ ಕೂತಿರುತ್ತಿದ್ದಳು.

ಕಲ್ಲಿನ ಮುಂದೆ ಯಾರು ದನಿ ತಗ್ಗಿಸುತ್ತಾರೆ? ಸ್ಟಾಫ್ ರೂಮಿಗೆ ಅವಳು ಕಾಲಿಟ್ಟರೆ ದೊಡ್ಡ ಮಿಸ್ಸು, "ಬಂತು ನೋಡಿ ನಮ್ಮ ಟೇಪ್ ರೆಕಾರ್ಡರ್ರು! ಸ್ವಿಚ್ ಒತ್ತಿದ್ರೆ ಮಾತ್ರ ಮಾತು," ಅನ್ನುವರು. ಎಲ್ಲರೂ ನಗುವರು. ಏನೂ ತಿಳಿಯದವಳಂತೆ ಅವಳೂ ನಗುವಳು.

ಈ ಮಾತು ಅವಳಿಗೆ ಅಷ್ಟೇನೂ ನಾಟುತ್ತಿರಲಿಲ್ಲ. ನಾಟುತ್ತಿದ್ದದ್ದು ಸೂಜಿ. ದೊಡ್ಡ ಮಿಸ್ಸಿನ ಪರ್ಸಿನಲ್ಲಿ ಯಾವಾಗಲೂ ಒಂದು ಸೂಜಿ, ಒಂದು ದಾರದ ಉಂಡೆ. ಯಾವುದೇ ಮಗುವಿನ ಗುಂಡಿ ಕಿತ್ತುಹೋದರೂ ಮುಂದೆ ನಿಲ್ಲಿಸಿಕೊಂಡು, ತೊಟ್ಟ ಅಂಗಿಯ ಮೇಲೇ ಹೊಲಿದುಬಿಡುವರು. ಚುಚ್ಚೀತೆಂದು ಅಲುಗದೆ ನಿಂತ ಮಗು ಸುಮ್ಮನಿರಲಾರದೆ ಮನೆಯ ಸುದ್ದಿ, ಮನಸ್ಸಿನ ಸುದ್ದಿಯನ್ನೆಲ್ಲ ಹೇಳಿಬಿಡುತ್ತಿತ್ತು. ದೊಡ್ಡ ಮಿಸ್ಸು "ಹೌದಾ? ಆಮೇಲೆ?" ಅನ್ನುತ್ತ ದಾರ ಎಳೆಯುವರು. ಕಿಟಕಿಯ ಬಳಿ ನಿಂತ ಇವಳಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಒಂದು ದಿನ ತಾನೂ ಅಂಗಡಿಗೆ ಹೋಗಿ ಸೂಜಿ ದಾರ ಕೊಂಡು ಪರ್ಸಿನಲ್ಲಿಟ್ಟುಕೊಂಡಳು. ಆ ತಿಂಗಳೆಲ್ಲ ಅವಳ ಮುಂದೆ ಒಂದು ಗುಂಡಿಯೂ ಕಿತ್ತುಹೋಗಲಿಲ್ಲ.

ಹೀಗಿರುವಾಗ ವಟವಟಿ ಬಂದಳು.

ಅದೇ ತರಗತಿಯ ಒಂಬತ್ತು ವರ್ಷದ ಹುಡುಗಿ. ಬಯಲಿನಲ್ಲಿ ಬಾಯಿ ಮುಚ್ಚದವಳು, ಅದಕ್ಕೇ ಆ ಅಡ್ಡಹೆಸರು. ಆದರೆ ತರಗತಿಯಲ್ಲಿ ಕರೆದರೆ ಓಗೊಡುತ್ತಿರಲಿಲ್ಲ. ಒಂದು ಕೇಳಿದರೆ ಇನ್ನೊಂದು ಹೇಳುವಳು. ಬೇಕೆಂತಲೇ ಮಾಡುತ್ತಾಳೆಂದು ದೊಡ್ಡ ಮಿಸ್ಸು ಅವಳನ್ನು ಬಲಗಡೆಯ ಗೋಡೆಗಂಟಿದ ಕೊನೇ ಬೆಂಚಿಗೆ ಅಟ್ಟಿದ್ದರು. ಅಲ್ಲಿಗೆ ಹೋದ ಮೇಲೆ ಇನ್ನೂ ಹದಗೆಟ್ಟಳು. "ಇವಳಿಗೆ ಪಾಠ ಹೇಳೋದೂ ಒಂದೇ, ಕಿವುಡರ ಮುಂದೆ ಕಿನ್ನರಿ ಬಾರಿಸೋದೂ ಒಂದೇ," ಎಂದು ಸ್ಟಾಫ್ ರೂಮಿನಲ್ಲಿ ಗೊಣಗುವರು. "ಈ ಸಲದ ಮೀಟಿಂಗಲ್ಲಿ ಹೇಳಿ ಬಿ ಸೆಕ್ಷನ್ನಿಗೆ ಹಾಕಿಸಿಬಿಡ್ತೀನಿ." ಹುಡುಗಿಯ ಎದುರಿಗೂ ಇದನ್ನೇ ಹೇಳಿ ಹೆದರಿಸಿದ್ದರು. ಬಿ ಸೆಕ್ಷನ್ ಎಂದರೆ ಮೇಲಿನ ಮಹಡಿ, ಬೇರೆ ಮೇಷ್ಟರು, ಪಾಠದಲ್ಲಿ ಹಿಂದೆಬಿದ್ದವರ ಗುಂಪು.

ಫೈನ್ ಮಿಸ್ಸು ಮಧ್ಯಾಹ್ನದ ಡಬ್ಬಿಯನ್ನು ಭೂಪಟಗಳನ್ನು ಸುತ್ತಿಟ್ಟ ಚಿಕ್ಕ ಕೋಣೆಯಲ್ಲಿ ಒಬ್ಬಳೇ ಬಿಚ್ಚುತ್ತಿದ್ದಳು. ಒಂದು ದಿನ ವಟವಟಿ ಅಲ್ಲಿಗೆ ತನ್ನ ಡಬ್ಬಿ ಹಿಡಿದು ಬಂದು ಎದುರಿಗೆ ಕೂತಳು. "ಹೌ ಆರ್ ಯೂ?" "ಐ ಯಾಮ್ ಫೈನ್." ಆಮೇಲೆ ಹುಡುಗಿ ಬಾಗಿಲ ಕಡೆ ನೋಡಿ, ತನ್ನ ಭಾಷೆಯಲ್ಲೇ ಶುರುಮಾಡಿದಳು.

"ಮಿಸ್, ನಂಗೆ ಎಡಗಿವಿ ಕೇಳ್ಸಲ್ಲ. ಜ್ವರ ಬಂದಿತ್ತಲ್ಲ, ಕಿವಿ ನೋಯ್ತಿತ್ತಲ್ಲ, ಆಮೇಲಿಂದ ಕೇಳ್ಸಲ್ಲ. ಅಮ್ಮಂಗೆ ಹೇಳಿಲ್ಲ, ಹೇಳಿದ್ರೆ ಅಳ್ತಾಳೆ. ಅಣ್ಣ ಹೇಳಿದ, ಕಿವಿ ಕೇಳ್ದೇ ಇದ್ರೆ ಬೇರೆ ಸ್ಕೂಲಿಗೆ ಹಾಕ್ತಾರಂತೆ."

ಫೈನ್ ಮಿಸ್ಸು ಏನೂ ತಿಳಿಯದವಳಂತೆ ಮುಂದಿನ ತುತ್ತು ಕಲಸಿದಳು. ಮುಖದ ಮೇಲೆ ಕಲ್ಲಿನ ನಗು.

ನಿಜ ಹೇಳಬೇಕೆಂದರೆ, ಮೊದಲು ಹುಟ್ಟಿದ್ದು ಮರುಕವಲ್ಲ, ಖುಷಿ. ಎಷ್ಟು ತಿಂಗಳಿಗೆ ಒಂದು ಮಗು ಅವಳ ಹತ್ತಿರ ಬಂದಿದೆ! ದೊಡ್ಡ ಮಿಸ್ಸಿಗೆ ಹೇಳದ ಗುಟ್ಟನ್ನು ತನಗೆ ಹೇಳಿದೆ! ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ಮಾತುಗಳನ್ನು ಮತ್ತೆ ಮತ್ತೆ ಚಪ್ಪರಿಸಿದಳು. ಮರುದಿನವೂ ಹುಡುಗಿ ಬಂದಳು. ಅದೇ ಮಾತು, ಸ್ವಲ್ಪ ಬೇರೆ ಥರ. ಅದರ ಮರುದಿನವೂ ಬಂದಳು. ಹೇಳಿದ್ದನ್ನೇ ಯಾಕೆ ಹೇಳುತ್ತಾಳೆ ಎಂದು ಫೈನ್ ಮಿಸ್ಸು ಯೋಚಿಸಲಿಲ್ಲ. ಹೊಟ್ಟೆಕಿಚ್ಚಿಗೆ ಮದ್ದು ಸಿಕ್ಕವಳಿಗೆ ಯೋಚನೆ ಎಲ್ಲಿಯದು?

ಮೀಟಿಂಗಿನ ಹಿಂದಿನ ದಿನ ವಟವಟಿ ಡಬ್ಬಿ ತೆರೆಯಲೇ ಇಲ್ಲ. ಎದ್ದು ನಿಂತು, ಕೈ ಕಟ್ಟಿ, ಕಣ್ಣು ಮುಚ್ಚಿಕೊಂಡು ಹೇಳಿದಳು:

"ದೊಡ್ಡ ಮಿಸ್, ನಾನು ಬೇಕಂತ ಮಾಡ್ತಿಲ್ಲ. ನಂಗೆ ಎಡಗಿವಿ ಕೇಳ್ಸಲ್ಲ. ನನ್ನ ಬಿ ಸೆಕ್ಷನ್ನಿಗೆ ಹಾಕ್ಬೇಡಿ. ದೊಡ್ಡ ಮಿಸ್, ನಂಗೆ ನಿಮ್ಮ ಹತ್ರಾನೇ ಇರ್ಬೇಕು..." ಅಲ್ಲಿಗೆ ನಿಲ್ಲಿಸಿ, ಕಣ್ಣು ತೆರೆದು, ತನ್ನ ತಲೆಗೇ ಒಂದು ಮೊಟಕಿಕೊಂಡಳು. "ಥೂ, ಮತ್ತೆ ಅಳು ಬಂತು. ಇನ್ನೊಂದ್ ಸಲ ಹೇಳ್ತೀನಿ, ಇರಿ ಫೈನ್ ಮಿಸ್."

ಅಂದರೆ ಇಷ್ಟು ದಿನವೂ ನಡೆದದ್ದು ಅಭ್ಯಾಸ! ಮನೆಯಲ್ಲಿ ಕನ್ನಡಿಯ ಮುಂದೆ ಮಾಡುವುದನ್ನು ಹುಡುಗಿ ಇಲ್ಲಿ ಇವಳ ಮುಂದೆ ಮಾಡಿದ್ದಳು. ಕನ್ನಡಿಗೆ ಭಾಷೆ ಬರುವುದಿಲ್ಲವಲ್ಲ.

ಆ ಸಂಜೆ ಅಕ್ಕನಿಗೆ ಫೋನು ಮಾಡಿದಾಗ ಫೈನ್ ಮಿಸ್ಸಿನ ದನಿಯೇ ಬೇರೆ.

"ನಾಳೆ ಮೀಟಿಂಗಲ್ಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ ಅಕ್ಕ. ಹೆಡ್‌ಮಾಸ್ಟರ ಎದುರಿಗೇ! ಮಗುವಿಗೆ ಕಿವಿ ಕೇಳಲ್ಲ, ಈಯಮ್ಮಂಗೆ ಅದೂ ಗೊತ್ತಾಗಿಲ್ಲ, ಕಿವುಡರ ಮುಂದೆ ಕಿನ್ನರಿ ಅಂತೆ!"

"ಹೇಳು, ಹೇಳ್ಲೇಬೇಕು. ಮಗೂ ವಿಷಯ."

"ಹೌದು ತಾನೇ?"

"ಹೌದು. ಆದ್ರೆ ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ. ಆ ಮಗೂಗೆ ಕಿವಿ ಸರಿಹೋಗ್ಲಿ ಅನ್ನೋದು ನಿನ್ನ ಆಸೆನೋ, ಆ ಹೆಂಗಸಿನ ಮುಖ ಇಳಿದುಹೋಗ್ಲಿ ಅನ್ನೋದೋ?"

"ಎರಡೂ ಆಗಬಾರದಾ?"

"ಆಗ್ಬಹುದಮ್ಮ. ನಾನ್ಯಾರು ಬೇಡ ಅನ್ನೋಕೆ," ಎಂದು ಅಕ್ಕ ಫೋನಿಟ್ಟಳು.

ಮೀಟಿಂಗು ಸ್ಟಾಫ್ ರೂಮಿನ ಉದ್ದ ಮೇಜಿನ ಸುತ್ತ. ಮಕ್ಕಳು ಹೊರಗೆ ಬಯಲಿನಲ್ಲಿ. ಹೆಡ್‌ಮಾಸ್ಟರು ಒಂದೊಂದೇ ತರಗತಿಯ ವಿಚಾರ ಕೇಳುತ್ತ ಬಂದರು. ಫೈನ್ ಮಿಸ್ಸು ಮೂಲೆಯ ಕುರ್ಚಿಯಲ್ಲಿ, ಹೇಳಬೇಕಾದ ಮಾತನ್ನು ನಾಲಿಗೆಯ ತುದಿಯಲ್ಲಿ ಮಸೆದುಕೊಂಡು ಕೂತಿದ್ದಳು. ಒಂದೊಂದು ಪದವೂ ಚೂಪಾಗಿತ್ತು. ದೊಡ್ಡ ಮಿಸ್ಸಿನ ಸರದಿ ಬಂತು.

"ಒಬ್ಬಳನ್ನ ಬಿ ಸೆಕ್ಷನ್ನಿಗೆ ಕಳಿಸ್ಬೇಕು ಸರ್," ಎಂದರು. ಮಾತಾಡುವಾಗಲೂ ಅವರ ಕೈ ನಿಂತಿರಲಿಲ್ಲ. ತೊಡೆಯ ಮೇಲೆ ಒಂದು ಪುಟ್ಟ ಹಸಿರು ಸ್ವೆಟರು, ಅದಕ್ಕೆ ಗುಂಡಿ ಹಾಕುತ್ತಿದ್ದರು. "ನನ್ನ ಕೈಲಾಗಲಿಲ್ಲ. ಬೈದೆ, ಮುದ್ದು ಮಾಡಿದೆ, ಹಿಂದೆ ಕೂರಿಸಿದೆ. ಏನು ಮಾಡಿದ್ರೂ ನನ್ನ ಮಾತು ಆ ಹುಡುಗಿಗೆ ಬೇಡವೇ ಬೇಡ. ನನ್ನ ಕಂಡ್ರೇ ಆಗಲ್ವೇನೋ ಅವಳಿಗೆ." ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದರು. ಸ್ವೆಟರನ್ನು ಮಡಿಸುವ ಮುಂಚೆ ಗುಂಡಿ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದರು.

ಆ ಸ್ವೆಟರು ಯಾರದೆಂದು ಫೈನ್ ಮಿಸ್ಸಿಗೆ ಗೊತ್ತಿತ್ತು. ಭೂಪಟದ ಕೋಣೆಯಲ್ಲಿ ದಿನವೂ ಎದುರಿಗೆ ಕೂರುತ್ತಿದ್ದ ಸ್ವೆಟರು ಅದು. ಆ ಗುಂಡಿ ಕಿತ್ತುಹೋದದ್ದನ್ನು ಅವಳೂ ನೋಡಿರಲಿಲ್ಲವೇ? ನೋಡಿದ್ದಳು. ಪರ್ಸಿನಲ್ಲಿ ಸೂಜಿಯೂ ಇತ್ತು. ಗುಟ್ಟು ಕೇಳುವ ಸಂಭ್ರಮದಲ್ಲಿ ಕೈ ಪರ್ಸಿಗೆ ಹೋಗಿರಲಿಲ್ಲ.

ಹೆಡ್‌ಮಾಸ್ಟರು ತಲೆಯಾಡಿಸಿ ಪೆನ್ನು ಎತ್ತಿಕೊಂಡರು.

"ಸರ್, ಸ್ವಲ್ಪ ನಿಲ್ಲಿ," ಎಂದಳು ಫೈನ್ ಮಿಸ್ಸು. ಇಂಗ್ಲಿಷಿನಲ್ಲಲ್ಲ, ಅವರದೇ ಭಾಷೆಯಲ್ಲಿ.

ಎಲ್ಲ ತಲೆಗಳೂ ಮೂಲೆಯ ಕುರ್ಚಿಯ ಕಡೆ ತಿರುಗಿದವು. ಮಸೆದಿಟ್ಟ ಮಾತು ಬಾಯಿಯ ತನಕ ಬಂತು. ದೊಡ್ಡ ಮಿಸ್ಸಿನ ಮುಖ ಆಗಲೇ ಅರ್ಧ ಇಳಿದಿತ್ತು. ಇನ್ನೊಂದು ವಾಕ್ಯ ಸಾಕಿತ್ತು. ಆದರೆ ಆ ವಾಕ್ಯದಲ್ಲಿ ಕಣ್ಣು ಮುಚ್ಚಿ, ಕೈ ಕಟ್ಟಿ ನಿಂತ ಹುಡುಗಿಯೂ ಇದ್ದಳು. ಅಷ್ಟು ದಿನ ಅಭ್ಯಾಸ ಮಾಡಿದ ಮಾತು ಅವಳದು.

"ಅವಳು ನಿಮ್ಮ ಹತ್ರ ಏನೋ ಹೇಳ್ಬೇಕಂತಿದಾಳೆ ಮೇಡಂ," ಎಂದಳು. "ಬಹಳ ದಿನದಿಂದ. ಧೈರ್ಯ ಸಾಲ್ತಿಲ್ಲ. ಈಗ್ಲೇ ಕರೆದು ಕೇಳಿ. ಬಲಗಡೆ ನಿಂತು ಕೇಳಿ. ಬೈಬೇಡಿ."

ದೊಡ್ಡ ಮಿಸ್ಸು ಸ್ವೆಟರು ಹಿಡಿದುಕೊಂಡೇ ಹೊರಗೆ ಹೋದರು. ಫೈನ್ ಮಿಸ್ಸು ಕಿಟಕಿಯಿಂದ ನೋಡಿದಳು, ನೋಡದಿರಲು ಆಗಲಿಲ್ಲ. ವಟವಟಿ ಕೈ ಕಟ್ಟಿ ನಿಂತಳು. ಕಣ್ಣು ಮುಚ್ಚಿದಳು. ಬಾಯಿ ಆಡುತ್ತಿತ್ತು, ಮಾತು ಇಲ್ಲಿಗೆ ಕೇಳುತ್ತಿರಲಿಲ್ಲ. ಕೇಳುವುದೇನು, ಇವಳಿಗೆ ಬಾಯಿಪಾಠವೇ ಇತ್ತಲ್ಲ. ಅಳು ಬರುವ ಜಾಗದಲ್ಲಿ ಹುಡುಗಿ ಈ ಸಲ ನಿಲ್ಲಿಸಲಿಲ್ಲ. ದೊಡ್ಡ ಮಿಸ್ಸು ಮಣ್ಣಿನಲ್ಲೇ ಕುಸಿದು ಕೂತರು. ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ತಿರುಗಿಸಿ, ಬಲಗಿವಿಗೆ ಬಾಯಿ ಹಚ್ಚಿ ಏನೋ ಹೇಳಿದರು. ಏನು ಹೇಳಿದರೋ! ಅದೊಂದನ್ನು ಕೇಳಿಸಿಕೊಳ್ಳಲು ಫೈನ್ ಮಿಸ್ಸು ತನ್ನ ಒಂದು ಕಿವಿಯನ್ನಾದರೂ ಕೊಟ್ಟುಬಿಡುತ್ತಿದ್ದಳು.

ಸಂಜೆ ಗೇಟಿನ ಬಳಿ ವಟವಟಿ ಎದುರಾದಳು. ಹುಬ್ಬು ಗಂಟಿಕ್ಕಿತ್ತು.

"ನಿಮಗೆ ನಮ್ಮ ಮಾತು ಬರುತ್ತಾ?"

"ಬರುತ್ತೆ."

"ಎಲ್ಲಾ ಅರ್ಥ ಆಗಿತ್ತಾ? ದಿನಾಲೂ?"

"ಹೂಂ."

"ಕಳ್ಳ ಮಿಸ್ಸು!" ಎಂದು ಹುಡುಗಿ ಓಡಿಹೋದಳು. ಆಮೇಲೆ ಭೂಪಟದ ಕೋಣೆಗೆ ಅವಳ ಡಬ್ಬಿ ಬರಲಿಲ್ಲ.

ದೊಡ್ಡ ಮಿಸ್ಸು ಹುಡುಗಿಯ ತಾಯಿಯನ್ನು ಕರೆಸಿ, ತಾವೇ ಜೊತೆಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದರು. ಬೇರೆ ಶಾಲೆಯೂ ಬೇಡ, ಬಿ ಸೆಕ್ಷನ್ನೂ ಬೇಡ, ಮುಂದೆ ಕೂರಿಸಿ, ಔಷಧಿ ಮಾಡಿ ನೋಡೋಣ ಎಂದರಂತೆ ಡಾಕ್ಟರು. ಸ್ಟಾಫ್ ರೂಮಿನಲ್ಲಿ ಈಗ ಫೈನ್ ಮಿಸ್ಸು ಕಾಲಿಟ್ಟರೆ ಮಾತು ತಟ್ಟನೆ ನಿಲ್ಲುತ್ತಿತ್ತು. ದೊಡ್ಡ ಮಿಸ್ಸೊಬ್ಬರು ಮಾತ್ರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಟೇಪ್ ರೆಕಾರ್ಡರ್ ಅಂದದ್ದು?"

"ಕೇಳಿಸ್ತು."

"ನಿಮ್ಮ ಚಪ್ಪಲಿ ಬಗ್ಗೆ ಅಂದದ್ದು?"

"ಅದೂ."

"ಅಯ್ಯಯ್ಯೋ!" ಎಂದು ಅವರು ಬಾಯಿಗೆ ಕೈ ಇಟ್ಟುಕೊಂಡು, ಅವಳ ಕಾಲಿನ ಕಡೆ ನೋಡಿ, "ಚಪ್ಪಲಿ ವಿಷಯ ಮಾತ್ರ ನಿಜ ಕಣ್ರೀ," ಎಂದು ಹೋದರು.

ಮರುವಾರ ತರಗತಿಯಲ್ಲಿ ವಟವಟಿ ಹೊಸ ಜಾಗದಲ್ಲಿದ್ದಳು: ಎಡಗಡೆಯ ಮೊದಲ ಬೆಂಚು, ಕಿಟಕಿಗೆ ಅಂಟಿಕೊಂಡು. ಬಲಗಿವಿ ಇಡೀ ತರಗತಿಗೂ ದೊಡ್ಡ ಮಿಸ್ಸಿಗೂ ತೆರೆದಿತ್ತು. ಫೈನ್ ಮಿಸ್ಸು ಎಂದಿನಂತೆ ಕಿಟಕಿಯ ಪಕ್ಕ ನಿಂತಳು. ಸನ್ನೆ ಬಂತು. "ವಿಂಡೋ," ಎಂದಳು. ಎಲ್ಲರೂ "ವಿಂಡೋ" ಎಂದರು. ವಟವಟಿ ಅನ್ನಲಿಲ್ಲ. ಇವಳು ನಿಂತದ್ದು ಆ ಹುಡುಗಿಯ ಕೇಳದ ಕಿವಿಯ ಕಡೆ. "ವಿಂಡೋ," ಎಂದಳು ಇನ್ನೊಮ್ಮೆ, ಗಟ್ಟಿಯಾಗಿ. ಹುಡುಗಿ ದೊಡ್ಡ ಮಿಸ್ಸಿನ ಮುಖವನ್ನೇ ನೋಡುತ್ತಿದ್ದಳು.

ಫೈನ್ ಮಿಸ್ಸು ಕಿಟಕಿ ಬಿಟ್ಟಳು. ಮಕ್ಕಳ ಮುಂದಿನಿಂದ ಹಾದು, ಮೇಜನ್ನು ಬಳಸಿ, ಬೋರ್ಡಿನ ಮುಂದಿನ ಆ ಇಕ್ಕಟ್ಟಿಗೆ ಬಂದಳು.

"ಸ್ವಲ್ಪ ಸರೀರಿ ಮೇಡಂ."

"ಕೊನೆಗೂ ನನ್ನ ಜಾಗಕ್ಕೇ ಬಂದ್ರಾ?" ದೊಡ್ಡ ಮಿಸ್ಸು ಹುಬ್ಬೇರಿಸಿದರು. ಸರಿದರು. ಪೂರ್ತಿ ಅಲ್ಲ, ಅರ್ಧ. ಇಬ್ಬರ ಭುಜಕ್ಕೆ ಭುಜ ತಾಗಿತು. ಫೈನ್ ಮಿಸ್ಸು ಮೊಣಕೈಯಿಂದ ಇನ್ನೊಂದಿಷ್ಟು ಜಾಗ ಮಾಡಿಕೊಂಡು, ಸನ್ನೆಗೂ ಕಾಯದೆ, ಮೊದಲ ಬೆಂಚಿನತ್ತ ಬಗ್ಗಿದಳು.

"ವಿಂಡೋ," ಎಂದಳು.

ವಟವಟಿ ದೊಡ್ಡ ಮಿಸ್ಸಿನ ಮುಖ ನೋಡಿದಳು. ಫೈನ್ ಮಿಸ್ಸಿನ ಮುಖ ನೋಡಿದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ವಿಂಡೋ, ಕಳ್ಳ ಮಿಸ್," ಎಂದಳು.