ಎಲೆಯ ಬೆನ್ನು

ನೆಟ್ಟದ್ದು ಏಪ್ರಿಲ್ ಮೂರರಂದು. ಮೊಳಕೆ ಮಣ್ಣಿನಿಂದ ಮೇಲೆ ಬಂದದ್ದು ಹನ್ನೊಂದರಂದು. ಇಪ್ಪತ್ತೇಳರ ಬೆಳಿಗ್ಗೆ, ಲತೇಶನ ವೀಸಾ ರದ್ದಾಗಲು ಮೂರು ದಿನ ಉಳಿದಿದ್ದಾಗ, ಎರಡನೆಯ ಕುಂಡದ ಮೊದಲ ಎಲೆ ಪೂರ್ತಿ ಬಿಚ್ಚಿಕೊಂಡಿತು. ಸಮೀಕ್ಷಾ ಅದನ್ನು ಗಂಟೆಯ ಸಮೇತ ಬರೆದುಕೊಂಡಳು.

ಇಂಟರ್‌ನ್ಯಾಷನಲ್ ಸಿಟಿ ಎಂಬ ಗಲ್ಫ್ ಬಡಾವಣೆಯ ಅವಳ ಬಾಲ್ಕನಿಯಲ್ಲಿ ಇದ್ದದ್ದು ಎರಡೇ ಕುಂಡ. ಮೊದಲನೆಯದರಲ್ಲಿ ಚೀನಾದ ಪೆಟ್ಟಿಗೆಯಿಂದ ತೆಗೆದ ಹಸಿ ಅರಿಶಿನದ ಕೊಂಬು, ಎರಡನೆಯದರಲ್ಲಿ ಜಪಾನಿನ ಪೆಟ್ಟಿಗೆಯದು. ಅವಳು ಗುಣಮಟ್ಟ ಪರೀಕ್ಷಕಿಯಾಗಿದ್ದ ಮಸಾಲೆ ಕಂಪನಿಯ ಗೋದಾಮಿಗೆ ಅವೆರಡೂ ಒಂದೇ ವಾರ ಬಂದಿದ್ದವು. ಎರಡರ ಮೇಲೂ ಇದ್ದದ್ದು ಚೀನೀ ಲಿಪಿಯ ಅವೇ ಎರಡು ಅಕ್ಷರ; ಬಿಡಿಬಿಡಿಯಾಗಿ ಅವುಗಳ ಅರ್ಥ ಶುಂಠಿ, ಹಳದಿ. ಖಾಲಿದಿಯಾ ಪೇಟೆಯ ಗಿರಾಕಿ ಜಪಾನಿನ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸಿದ. ಕೊಂಬಿನ ಬಣ್ಣ ಪೇಲವ, ರುಚಿ ಕಹಿ, ವಾಸನೆ ಕರ್ಪೂರದ್ದು. ಇದು ಅರಿಶಿನವೇ ಅಲ್ಲ ಎಂಬುದು ಅವನ ದೂರು. ಹೆಸರು ಒಂದೇ ಆದ ಮೇಲೆ ಒಳಗಿನ ಮಾಲೂ ಒಂದೇ ಇರಬೇಕು, ಆದ್ದರಿಂದ ಯಾರೋ ಬದಲಾಯಿಸಿದ್ದಾರೆ ಎಂದು ಮ್ಯಾನೇಜರ್ ಪಾಯ್ಸ್ ತೀರ್ಮಾನಿಸಿದರು. ಸೀಲು ಒಡೆದವನು ಲತೇಶ, ಹನ್ನೆರಡು ವರ್ಷಗಳಿಂದ ಗೋದಾಮು ನೋಡಿಕೊಳ್ಳುತ್ತಿದ್ದವನು. ಆರೋಪ ಅವನ ಮೇಲೇ ಬಿತ್ತು; ತಿಂಗಳ ಕೊನೆಗೆ ಕೆಲಸವೂ ವೀಸಾವೂ ರದ್ದು.

ಸಮೀಕ್ಷಾ ನಿಘಂಟುಗಳ ಪುಟಗಳನ್ನು ಮೇಜಿನ ಮೇಲಿಟ್ಟಿದ್ದಳು. ಆ ಅಕ್ಷರಗಳನ್ನು ಚೀನಾದಲ್ಲಿ ಜಿಯಾಂಗ್‌ಹುವಾಂಗ್ ಎಂದು ಓದುತ್ತಾರೆ. ಅಡುಗೆಯ ಅರಿಶಿನ ಎಂದರ್ಥ. ಜಪಾನಿನಲ್ಲಿ ಅಡುಗೆಯ ಅರಿಶಿನಕ್ಕೆ ಉಕೊನ್ ಎಂಬ ಬೇರೆಯೇ ಹೆಸರಿದೆ. ಈ ಅಕ್ಷರಗಳನ್ನು ಅಲ್ಲಿ ಕ್ಯೋಓ ಎಂದು ಓದಿ, ಕಸ್ತೂರಿ ಅರಿಶಿನಕ್ಕೆ ಬಳಸುತ್ತಾರೆ.

"ಪುಸ್ತಕದಲ್ಲಿ ಇರಬಹುದು ಮಾರಾಯ್ತಿ," ಎಂದಿದ್ದರು ಪಾಯ್ಸ್. "ಈ ಪೆಟ್ಟಿಗೆಯಲ್ಲಿ ಇರುದು ಆ ಕಸ್ತೂರಿಯೇ ಅಂತ ಎಂತ ಗ್ಯಾರಂಟಿ? ಪ್ರೂಫ್ ಕೊಡಿ. ತಿಂಗಳ ಕೊನೆವರೆಗೆ ಟೈಮ್."

ಹೊರಗಿನ ಪ್ರಯೋಗಾಲಯಕ್ಕೆ ಕಳಿಸಲು ಅವರು ಒಪ್ಪಲಿಲ್ಲ. ಅವಳು ಮೊಳಕೆಯ ಕಣ್ಣಿದ್ದ ಎರಡು ತುಂಡುಗಳನ್ನು ನೆಡಲು ಆರಿಸಿಕೊಂಡಳು. ಲತೇಶ ನಗಲು ಪ್ರಯತ್ನಿಸಿದ್ದ. "ನೀವು ತೋಟ ಮಾಡಿ ಮೇಡಂ. ಅಷ್ಟರಲ್ಲಿ ನಾನು ನನ್ನ ಪೆಟ್ಟಿಗೆ ಕಟ್ಟಿಡ್ತೇನೆ."

ಈಗ ಅವಳು ಭೂತಕನ್ನಡಿ ಹಿಡಿದು ಎಲೆಗಳ ಉದ್ದ, ಅಗಲ, ನರಗಳನ್ನು ಹೋಲಿಸುತ್ತಿದ್ದಳು. ನಿರ್ಣಾಯಕವಾದ ವ್ಯತ್ಯಾಸ ಒಂದೂ ಸಿಗಲಿಲ್ಲ. ಬಟ್ಟೆ ಒಣಹಾಕಲು ಬಂದ ದೊಡ್ಡಮ್ಮ ಚಂದ್ರಮತಿ ಅರ್ಧಕ್ಕೇ ನಿಂತರು.

"ಎಲೆಯ ಮೋರೆ ನೋಡುದೆಂತ? ಬೆನ್ನು ನೋಡು."

ಎರಡನೆಯ ಕುಂಡದ ಎಲೆಯನ್ನು ಮಗುಚಿ, ತುದಿಯಿಂದ ಬುಡದವರೆಗೆ ಹೆಬ್ಬೆರಳು ಎಳೆದರು.

"ಅಯ್ಯೋ, ಇದಕ್ಕೆ ಗಡ್ಡ ಬಂದಿದೆ! ನಾಗರಪಂಚಮಿಗೆ ಅರಿಶಿನದೆಲೆ ಬದಲು ಇದರಲ್ಲಿ ಸುತ್ತಿ ಗಟ್ಟಿ ಕಡುಬು ಬೇಯಿಸಿದ್ರೆ ಅತ್ತೆ ನನ್ನನ್ನು ಮನೆಯಿಂದ ಓಡಿಸ್ತಿದ್ರು. ಕಸ್ತೂರಿ ಇದು."

"ಖಂಡಿತವಾ ದೊಡ್ಡಮ್ಮ?"

"ನಲವತ್ತು ವರ್ಷ ಎಲೆ ಒರೆಸಿದ್ದೇನೆ. ನಿನ್ನ ಕನ್ನಡಿಗೆ ಎಷ್ಟು ವರ್ಷ?"

ಆದರೂ ಸಮೀಕ್ಷಾ ಕನ್ನಡಿಯಲ್ಲೇ ನೋಡಿದಳು. ಎರಡನೆಯದರ ಅಡಿಭಾಗದಲ್ಲಿ ಗಿಡ್ಡ, ಒತ್ತಾದ ರೋಮ. ಮೊದಲನೆಯದು ಪೂರ್ತಿ ನುಣುಪು. ಸಸ್ಯಶಾಸ್ತ್ರದ ಪುಸ್ತಕ ತೆರೆದು ಎರಡೂ ಜಾತಿಗಳ ವಿವರಣೆ ಓದಿದಳು. ಹೊಂದಿಕೆಯಾಯಿತು. ಮತ್ತೊಮ್ಮೆ ಓದಿದಳು.

ಶೇರಿಂಗ್ ಕಾರಿನಲ್ಲಿ ಕುಂಡಗಳನ್ನು ತೊಡೆಯ ಮೇಲಿಟ್ಟುಕೊಂಡೇ ಗೋದಾಮು ತಲುಪಿದಳು. ಪಾಯ್ಸ್ ಕನ್ನಡಕ ಹಾಕಿ ಪುಸ್ತಕದ ಸಾಲು ಓದಿದರು. ಕನ್ನಡಕ ತೆಗೆದಿಟ್ಟು ಎಲೆಗಳ ಬೆನ್ನು ಸವರಿದರು. ಒಮ್ಮೆ ಈ ಎಲೆ, ಒಮ್ಮೆ ಆ ಎಲೆ, ಮತ್ತೆ ಈ ಎಲೆ. ಬಾಗಿಲಲ್ಲಿ ಲತೇಶ ಟೇಪಿನ ಸುರುಳಿ ಹಿಡಿದು ನಿಂತಿದ್ದ.

"ಖಲಾಸ್, ವಿಷಯ ಮುಗೀತು," ಎಂದರು ಪಾಯ್ಸ್, ಅವನ ಕಡೆ ನೋಡದೆ. "ಬರೆದು ಕೊಡಿ. ಸೈನ್ ಹಾಕ್ತೇನೆ."

ಅವಳು ನಿಂತಲ್ಲೇ ಬರೆದಳು: ಜಪಾನಿನ ಪೆಟ್ಟಿಗೆಯ ಮೇಲಿನ ಹೆಸರಿಗೂ ಒಳಗಿನ ಕೊಂಬಿಗೂ ತಾಳೆಯಿದೆ. ಗೋದಾಮಿನಲ್ಲಿ ಮಾಲು ಬದಲಾಗಿಲ್ಲ.