ಸೋಸಿದ ಮಳೆ

“ಚೆಲ್ಲಬೇಡ!” ಎಂದು ಕೂಗುತ್ತಲೇ ನಾನು ತಾರಸಿಯಿಂದ ಏಣಿ ಇಳಿದೆ. ಹಿತ್ತಲಲ್ಲಿ ಚಿಕ್ಕಮ್ಮ ನನ್ನ ಬಿಳಿ ಬಕೆಟ್ಟನ್ನು ಬೋರಲು ಹಾಕಿ, ತಳಕ್ಕೆ ಪಟಪಟ ಬಡಿಯುತ್ತಿದ್ದಳು.

“ಯಾಕೆ ಹಾಗೆ ಬಾಯಿ ಬಡ್ಕೋತೀಯ? ನೀರು ಚೆಲ್ಲಿಲ್ಲ. ಬಾಟಲಿಗೆ ಹಾಕಿಟ್ಟಿದೀನಿ, ನೋಡು.”

ಬಾಟಲಿಯಲ್ಲಿ ರಾತ್ರಿಯ ಮಳೆನೀರು ಗಾಜಿನಷ್ಟು ತಿಳಿಯಾಗಿತ್ತು. ಎತ್ತಿ ಬೆಳಕಿಗೆ ಹಿಡಿದೆ.

“ಅದರಲ್ಲಿದ್ದ ಧೂಳು?”

“ಬಟ್ಟೇಲಿ ಸೋಸಿ, ಆ ಬಟ್ಟೆ ತೊಳೆದುಬಿಟ್ಟೆ. ಆ ಕೊಳಕು ಹೊತ್ಕೊಂಡು ಲ್ಯಾಬಿಗೆ ಹೋಗ್ತಿದ್ಯಾ? ಇವಳ ಮನೇಲಿ ಹೇಳೋರು ಕೇಳೋರು ಇಲ್ವಾ ಅಂತ ನಗ್ತಾರೆ.”

ಚಿಕ್ಕಮ್ಮ ಎಲ್ಲವನ್ನೂ ಸೋಸುತ್ತಾಳೆ. ಹಾಲು, ಚಹಾ, ಒಮ್ಮೊಮ್ಮೆ ಎದುರಿಗಿರುವವರ ಮಾತು ಕೂಡ. ಅಮ್ಮ ತೀರಿಕೊಂಡ ವರ್ಷ ನನ್ನನ್ನು ಈ ಮನೆಗೆ ಕರೆತಂದವಳು ಅವಳೇ. ನಾನು ಜ್ವರದಲ್ಲಿ ಮಲಗಿದ್ದಾಗ ಗುಟುಕು ಗುಟುಕಿಗೂ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಸಿದ್ದಳು. ಅವಳ ಬಾತುಕೋಳಿಗಳು ಮೊಟ್ಟೆ ಇಟ್ಟವು, ಆ ದುಡ್ಡಲ್ಲಿ ನಾನು ಓದಿದೆ. ನೀರನ್ನು ಪರೀಕ್ಷಿಸುವ ಕೆಲಸ ಸಿಕ್ಕಿದಾಗ, “ನೋಡಿ, ನಿಮ್ಮ ಕೆರೆಗೆ ಡಾಕ್ಟರು ಬಂದ್ಲು” ಎಂದು ಬಾತುಗಳಿಗೆ ಹೇಳಿ ಬಂದಿದ್ದಳು.

ಆ ಕೆರೆಗೇ ಈಗ ಕಾಯಿಲೆ. ಎದೆಮಟ್ಟದ ಆಳವೂ ಇಲ್ಲದ ಕೆರೆ. ಹಿಂದಿನ ತಿಂಗಳವರೆಗೂ ತಳದ ಗಿಡಗಳು ಕಾಣುತ್ತಿದ್ದವು. ಆಮೇಲೆ ಒಂದು ದೊಡ್ಡ ಮಳೆ ಸುರಿದು ಕೆಸರೆಲ್ಲ ಮೇಲೆದ್ದಿತು. ಬೆಳಕಿಲ್ಲದೆ ಗಿಡಗಳು ಕೊಳೆತವು. ಬಳಿದ ಬಣ್ಣದಂತೆ ಹಸಿರು ಪಾಚಿ ಹಬ್ಬಿತು. ಬಾತುಗಳ ಹಿಕ್ಕೆಯೇ ಕಾರಣವೆಂದು ಕೆರೆ ಸಮಿತಿಯವರು ಅವುಗಳತ್ತ ಬೆರಳು ತೋರಿಸಿದರು. ಅವು ಇರಬೇಕೋ ಹೋಗಬೇಕೋ ಎಂದು ಈ ಸಂಜೆಯ ಸಭೆ ತೀರ್ಮಾನಿಸುತ್ತದೆ.

“ಸುತ್ತಲ ಹೊಲದ ಗೊಬ್ಬರ ಧೂಳಾಗಿ ಗಾಳೀಲಿ ಏಳುತ್ತೆ, ಚಿಕ್ಕಮ್ಮ. ಮಳೆ ಅದನ್ನ ಕೆರೆಗೆ ಇಳಿಸುತ್ತೆ. ಪಾಚಿಗೆ ಅದೇ ಊಟ. ಒಂದು ಮಳೆಗೆ ಎಷ್ಟು ಬೀಳುತ್ತೆ ಅಂತ ಅಳೆಯೋಕೇ ಬಕೆಟ್ ಇಟ್ಟಿದ್ದು.”

“ಅಷ್ಟು ಎತ್ತರದಲ್ಲಿ?”

“ನಿನ್ನ ಬಾತುಗಳು ಏಣಿ ಹತ್ತಲ್ವಲ್ಲ.”

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ಅಂದ್ರೆ ಅವುಗಳ ಸಾಕ್ಷಿನ ನಾನೇ ತೊಳೆದು ಹಾಕಿದ್ನಾ?”

ಮೆಟ್ಟಿಲ ಮೇಲೆ ಕುಸಿದು ಕೂತಳು. ಸಿಟ್ಟು ಮಾಡಿಕೊಳ್ಳಲು ನನ್ನಲ್ಲಿ ಸಿಟ್ಟೇ ಇರಲಿಲ್ಲ. ನನ್ನ ಮಾನ ಉಳಿಸಲೆಂದು ಬೆಳಗಿನ ಚಳಿಯಲ್ಲಿ ಬಕೆಟ್ ಉಜ್ಜುವವರು ನನಗೆ ಇನ್ಯಾರಿದ್ದಾರೆ? ಪಕ್ಕದಲ್ಲಿ ಕೂತು ಅವಳ ಒದ್ದೆ ಬೆರಳುಗಳನ್ನು ನನ್ನ ಕೈಯೊಳಗೆ ಬೆಚ್ಚಗೆ ಇಟ್ಟುಕೊಂಡೆ.

“ಇನ್ನೊಂದು ಮಳೆವರೆಗೆ ಟೈಮ್ ಕೇಳ್ತೀನಿ.”

“ಕೊಡದಿದ್ರೆ?”

ಅವಳು ಎದ್ದು, ಮಂಡಿ ಹಿಡಿದುಕೊಂಡು, ನಾನು ಬೇಡವೆನ್ನುವಷ್ಟರಲ್ಲಿ ಏಣಿ ಹತ್ತಿಬಿಟ್ಟಳು. ಇಳಿದಾಗ ಒಂದು ಕೈ ಮುಷ್ಟಿಯಾಗಿತ್ತು. ನನ್ನ ಮುಂದೆ ಬಿಡಿಸಿದಳು: ತಾರಸಿಯ ಮೂಲೆಯಿಂದ ಬಳಿದು ತಂದ, ಇನ್ನೂ ಹಸಿಯಾಗಿದ್ದ ಧೂಳು.

“ತಗೋ. ಅದೇ ತಾರಸಿ, ಅದೇ ಗಾಳಿ ತಂದ ಧೂಳು. ಬಾಟಲಿಗೆ ಹಾಕಿ ಕುಲುಕು. ಯಾರಿಗೆ ಗೊತ್ತಾಗುತ್ತೆ?”

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟು ತಿಂಗಳ ಧೂಳೋ ಅದು. ಒಂದು ಮಳೆಯದೆಂದು ನಾನು ಬರೆದರೆ ಸಮಿತಿ ನಂಬುತ್ತಿತ್ತು. ಬಾತುಗಳು ಉಳಿಯುತ್ತಿದ್ದವು. ಆ ಅಂಗೈ ನೀಡಿದ್ದನ್ನು ನಾನು ಇವತ್ತಿನವರೆಗೆ ಒಮ್ಮೆಯೂ ತಳ್ಳಿರಲಿಲ್ಲ.

“ಬೇಡ, ಚಿಕ್ಕಮ್ಮ.”

“ಒಂದೇ ಒಂದು ಚಿಟಿಕೆ ಕಣೇ.”

“ಬೇಡ ಅಂದ್ರೆ ಬೇಡ.”